ಹಂಪೆಯ ಸೀಮೆ: ಸಂಚಾರವೂ ಜಾತ್ರೆಗಳೂ

ಹಂಪೆಗೆ ಹೋಗಿಬಂದವರು ನಮ್ಮಲ್ಲಿ ಬಹುಮಂದಿ ಉಂಟು. "ಅಲ್ಲಿ ಏನೇನು ನೋಡಿದಿರಿ?" ಎಂದು ಅವರನ್ನು ಕೇಳಿದರೆ ಕಲ್ಲಿನ ರಥ, ಉಗ್ರನರಸಿಂಹ, ಕಮಲಮಹಲು, ಆನೆಯ ಲಾಯ ಎಂದು ಬೆರಳು ಮಡಿಚಿ ಎಣಿಸುತ್ತಾರೆ. "ಯಾವ ದಿನ ಹೋಗಿದ್ದಿರಿ?" ಎಂದು ಕೇಳಿದರೆ ಮಾತ್ರ ತುಸು ತಡವರಿಸಿ, "ಯಾವ ದಿನವಾದರೇನು? ಕಲ್ಲು ಎಲ್ಲಿಗೆ ಹೋದೀತು?" ಎನ್ನುತ್ತಾರೆ. ಕಲ್ಲು ಎಲ್ಲಿಗೂ ಹೋಗುವುದಿಲ್ಲ, ನಿಜ. ಆದರೆ ಆ ಸೀಮೆಯಲ್ಲಿ ಕಲ್ಲಿನ ಜೊತೆಗೆ ಇನ್ನೊಂದು ವಸ್ತುವೂ ಇದೆ. ಅದು ವರ್ಷದಲ್ಲಿ ಕೆಲವೇ ದಿನ ಕಣ್ಣಿಗೆ ಬೀಳುತ್ತದೆ. ಅದನ್ನು ಕಾಣಬೇಕಾದರೆ ಯಾವ ದಿನ ಹೋಗಬೇಕೆಂಬುದೇ ಮುಖ್ಯವಾದ ಪ್ರಶ್ನೆ. ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ, ಈ ನಾಲ್ಕು ಊರುಗಳ ಸಂಚಾರವನ್ನು ಈ ದೃಷ್ಟಿಯಿಂದಲೇ ಕೇಳುಗರ ಮುಂದೆ ವಿವರಿಸಬೇಕೆಂದು ನಮ್ಮ ಉದ್ದೇಶ.

ಈ ಪ್ರಶ್ನೆಯನ್ನು ನಾವು ಕಲಿತದ್ದು ಒಂದು ಪೆಚ್ಚುತನದಿಂದ. ಕೆಲವು ವರ್ಷಗಳ ಕೆಳಗೆ ನಮ್ಮ ಕಾಲೇಜಿನ ಹದಿನೈದು ಮಂದಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಫೆಬ್ರುವರಿ ತಿಂಗಳಲ್ಲಿ ಹಂಪೆಗೆ ಹೋದೆವು. ವಿರೂಪಾಕ್ಷನ ರಥೋತ್ಸವವು ಫೆಬ್ರುವರಿಯಲ್ಲಿ ನಡೆಯುತ್ತದೆಂದು ಒಂದು ಇಂಗ್ಲಿಷ್ ಕೈಪಿಡಿಯಲ್ಲಿ ಓದಿದ್ದೆವು. ಅಚ್ಚಾದ ಇಂಗ್ಲಿಷಿನ ಮೇಲೆ ನಮ್ಮಂತಹವರಿಗೆ ಇರುವ ಭಕ್ತಿ ಸಣ್ಣದಲ್ಲ. ಹೋಗಿ ನೋಡಿದರೆ ತೇರು ತಗಡಿನ ಮರೆಯಲ್ಲಿ ಸುಖವಾಗಿ ನಿದ್ರಿಸುತ್ತಿದ್ದಿತು. ಗುಡಿಯ ಮುಂದೆ ಹೂವು ಕಾಯಿ ಮಾರುತ್ತಿದ್ದ ಒಬ್ಬ ಮುದುಕಿಯನ್ನು ವಿಚಾರಿಸಿದೆವು. ಆಕೆ ನಮ್ಮ ಕನ್ನಡಕವನ್ನೂ ಕೈಯಲ್ಲಿದ್ದ ಪುಸ್ತಕವನ್ನೂ ನೋಡಿ, "ತೇರು ಈಗೆಲ್ಲೈತ್ರೀ ಸ್ವಾಮಿ? ದವನದ ಹುಣ್ಣಿಮಿಗಲ್ಲೇನ್ರೀ?" ಎಂದಳು. ವಿದ್ಯಾರ್ಥಿಗಳು ನಕ್ಕರು. ನಾವೂ ನಗಬೇಕಾಯಿತು.

ದವನದ ಹುಣ್ಣಿಮೆಯೆಂದರೆ ಚೈತ್ರ ಶುದ್ಧ ಪೌರ್ಣಮಿ. ಅದು 2023ರಲ್ಲಿ ಏಪ್ರಿಲ್ ಮೊದಲ ವಾರದಲ್ಲಿ ಬಂದಿತು. ನಡುವೆ ಅಧಿಕಮಾಸ ಬಂದುದರಿಂದ 2024ರಲ್ಲಿ ಏಪ್ರಿಲ್ 23ಕ್ಕೆ ಸರಿಯಿತು. ಗೋಡೆಯ ಮೇಲಿನ ಇಂಗ್ಲಿಷ್ ಕ್ಯಾಲೆಂಡರನ್ನು ನಂಬಿ ಹೊರಟವನು ಈ ಲೆಕ್ಕದಲ್ಲಿ ತಪ್ಪದೆ ಇರಲಾರ. ಆ ಸೀಮೆಯ ಜನ ತಿಂಗಳನ್ನು ಹುಣ್ಣಿಮೆಯ ಹೆಸರಿನಿಂದ ಎಣಿಸುತ್ತಾರೆ. ಮಾಘದಲ್ಲಿ ಭಾರತ ಹುಣ್ಣಿಮೆ, ಚೈತ್ರದಲ್ಲಿ ದವನದ ಹುಣ್ಣಿಮೆ, ಜ್ಯೇಷ್ಠದಲ್ಲಿ ಕಾರ ಹುಣ್ಣಿಮೆ, ಆಶ್ವೀಜದಲ್ಲಿ ಶೀಗಿ ಹುಣ್ಣಿಮೆ, ಕಾರ್ತಿಕದಲ್ಲಿ ಗೌರಿ ಹುಣ್ಣಿಮೆ. ರೈಲಿನ ವೇಳಾಪಟ್ಟಿಗಿಂತ ಮೊದಲು ಪಂಚಾಂಗವನ್ನು ನೋಡಿಕೊಳ್ಳತಕ್ಕದ್ದು.

ಹೋಗುವ ದಾರಿ ಸುಲಭವಾದುದು. ಮೈಸೂರು ಬೆಂಗಳೂರುಗಳ ಕಡೆಯವರಿಗೆ ಹುಬ್ಬಳ್ಳಿಯವರೆಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಗಾಡಿ ಉಂಟು. ಬೆಂಗಳೂರಿನಲ್ಲಿ ರಾತ್ರಿ ಹತ್ತಿ ಮಲಗಿದರೆ ಬೆಳಗಿನಲ್ಲಿ ಹೊಸಪೇಟೆ. ಅಲ್ಲಿಂದ ಹಂಪೆಗೆ ಹದಿಮೂರು ಕಿಲೋಮೀಟರು. ಸಂಡೂರು ದಕ್ಷಿಣಕ್ಕೆ, ಕಂಪ್ಲಿ ಈಶಾನ್ಯಕ್ಕೆ, ಎರಡೂ ಸುಮಾರು ಮೂವತ್ತು ಮೂವತ್ತು ಕಿಲೋಮೀಟರು. ಆದಕಾರಣ ಹೊಸಪೇಟೆಯಲ್ಲಿ ಬಿಡಾರ ಮಾಡಿಕೊಂಡು ದಿನಕ್ಕೊಂದು ದಿಕ್ಕಿಗೆ ಹೋಗಿಬರುವುದು ಅನುಕೂಲ. ಈ ಪ್ರಾಂತವೆಲ್ಲ ಮದರಾಸಿನ ಆಡಳಿತದಲ್ಲಿದ್ದು, 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯೆಂದು ಹೊಸ ಜಿಲ್ಲೆಯಾಗಿ ಹೊಸಪೇಟೆ ಅದರ ಮುಖ್ಯಪಟ್ಟಣವಾಯಿತು. ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದಿವೆ. ಹೊಸಪೇಟೆಯನ್ನು ಕಟ್ಟಿಸಿದವನು ಕೃಷ್ಣದೇವರಾಯ. ತಾಯಿ ನಾಗಲಾದೇವಿಯ ಹೆಸರಿನಿಂದ ನಾಗಲಾಪುರವೆಂದು ಕರೆದನು. ಈಗಿನ ಊರು ಕಬ್ಬಿನ ಗಾಡಿ, ಅದಿರಿನ ಲಾರಿ, ಬಸ್ಸು, ಧೂಳು ಇವುಗಳ ಊರು. ಬೆಳಿಗ್ಗೆ ಬಸ್‌ನಿಲ್ದಾಣದ ಬಳಿ ಮಂಡಕ್ಕಿಯ ಒಗ್ಗರಣೆಯನ್ನೂ ಬಿಸಿ ಮಿರ್ಚಿಯನ್ನೂ ತಿಂದು ಹೊರಟರೆ ಮಧ್ಯಾಹ್ನದವರೆಗೆ ಹಸಿವಿನ ಯೋಚನೆಯಿಲ್ಲ.

ಹಂಪೆಯಲ್ಲಿ ಪ್ರಯಾಣಿಕನು ಮೊದಲು ಗಮನಿಸಬೇಕಾದುದು ಗುಡಿಗಳನ್ನಲ್ಲ, ಗುಡಿಗಳ ಮುಂದಿನ ಬೀದಿಗಳನ್ನು. ವಿರೂಪಾಕ್ಷನ ಮುಂದೆ ಒಂದು, ಕೃಷ್ಣನ ಗುಡಿಯ ಮುಂದೆ ಒಂದು, ಅಚ್ಯುತರಾಯನ ಗುಡಿಯ ಮುಂದೆ ಒಂದು, ವಿಜಯವಿಠ್ಠಲನ ಮುಂದೆ ಒಂದು, ಹೀಗೆ ನಾಲ್ಕು ದೊಡ್ಡ ಬೀದಿಗಳು ಎರಡು ಕಡೆಯೂ ಕಲ್ಲಿನ ಸಾಲುಮಂಟಪಗಳೊಡನೆ ನೇರವಾಗಿ ಚಾಚಿಕೊಂಡಿವೆ. ಇವನ್ನು ಬಜಾರುಗಳೆಂದು ಕರೆಯುವುದು ರೂಢಿ, ವ್ಯಾಪಾರವೂ ಇದ್ದಿತು. ಆದರೆ ಅಷ್ಟು ಅಗಲವಾಗಿ ಅಷ್ಟು ನೇರವಾಗಿ ಬೀದಿಯನ್ನು ತೆಗೆದುದು ಮೆಣಸು ಮುತ್ತುಗಳನ್ನು ಮಾರುವುದಕ್ಕಾಗಿ ಅಲ್ಲ, ತೇರನ್ನು ಎಳೆಯುವುದಕ್ಕಾಗಿ. ಅವು ರಥಬೀದಿಗಳು. ಈ ನಾಲ್ಕರಲ್ಲಿ ಮೂರು 1565ರ ಯುದ್ಧದ ತರುವಾಯ ಬರಿದಾದುವು. ಉದಯಗಿರಿಯನ್ನು ಗೆದ್ದು ಕೃಷ್ಣದೇವರಾಯನು ತಂದು ಪ್ರತಿಷ್ಠೆ ಮಾಡಿಸಿದ ಬಾಲಕೃಷ್ಣನ ವಿಗ್ರಹ ಈಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದೆ. ಅವನ ಗುಡಿಯ ಮುಂದಿನ ಬೀದಿಯಲ್ಲಿ ತೇರಿಲ್ಲ. ವಿಠ್ಠಲನ ಅಂಗಳದಲ್ಲಿ ಜನ ಚಿತ್ರ ತೆಗೆದುಕೊಳ್ಳುವ ಕಲ್ಲಿನ ರಥವು ವಾಸ್ತವವಾಗಿ ರಥವೂ ಅಲ್ಲ, ಗರುಡನ ಗುಡಿ. ವಿರೂಪಾಕ್ಷನ ಬೀದಿಯೊಂದರಲ್ಲಿ ಮಾತ್ರ ಮರದ ತೇರು ಇಂದಿಗೂ ಉರುಳುತ್ತದೆ. ಒಂದು ಬೀದಿಯಲ್ಲಿ ತೇರು ನಡೆಯುವುದನ್ನು ಕಂಡಮೇಲೆಯೇ ಉಳಿದ ಮೂರು ಬೀದಿಗಳು ಏಕೆ ಹಾಗಿವೆಯೆಂಬುದು ನಮಗೆ ಅರ್ಥವಾಯಿತು.

ವಿರೂಪಾಕ್ಷನ ಉತ್ಸವವು ಒಂದು ಮನೆಯ ಮದುವೆಯಂತೆ ನಡೆಯತಕ್ಕದ್ದು. ಮಾರ್ಗಶಿರದಲ್ಲಿ ಫಲಪೂಜೆ, ಎಂದರೆ ವಿರೂಪಾಕ್ಷನಿಗೂ ಪಂಪಾದೇವಿಗೂ ನಿಶ್ಚಿತಾರ್ಥ. ಉತ್ಸವಮೂರ್ತಿಗಳು ನದೀತೀರಕ್ಕೆ ಬಿಜಯಮಾಡಿ ಚಕ್ರತೀರ್ಥದ ಕೋದಂಡರಾಮನ ಸನ್ನಿಧಿಯಲ್ಲಿ ಈ ಶಾಸ್ತ್ರವನ್ನು ನೆರವೇರಿಸಿಕೊಳ್ಳುತ್ತವೆ. ಶಿವನ ನಿಶ್ಚಿತಾರ್ಥಕ್ಕೆ ರಾಮನ ಗುಡಿ! ಶೈವ ವೈಷ್ಣವ ಭೇದಗಳನ್ನು ಕುರಿತು ತರಗತಿಯಲ್ಲಿ ಗಂಟೆಗಟ್ಟಲೆ ಉಪನ್ಯಾಸ ಮಾಡುವ ನಮಗೆ ಇದನ್ನು ಕಂಡು ಸ್ವಲ್ಪ ಸಂಕೋಚವೇ ಆಯಿತು. ಚೈತ್ರದಲ್ಲಿ ಕಲ್ಯಾಣೋತ್ಸವ, ಅದಾದ ಮೇಲೆ ಹುಣ್ಣಿಮೆಗೆ ರಥ. ವಿರೂಪಾಕ್ಷನಿಗೊಂದು, ಚಂದ್ರಮೌಳೀಶ್ವರನಿಗೊಂದು ಎಂದು ಎರಡು ತೇರುಗಳು ಹೊರಡುವುದರಿಂದ ಇದಕ್ಕೆ ಜೋಡಿ ರಥೋತ್ಸವವೆಂದು ಹೆಸರು.

ತಪ್ಪಿದ ಆ ಫೆಬ್ರುವರಿಯಾದ ಮರುವರ್ಷವೇ ನಾವು ದವನದ ಹುಣ್ಣಿಮೆಗೆ ಹೋದೆವು. ಬಿಸಿಲಿನ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಚೈತ್ರದ ಮಧ್ಯಾಹ್ನದಲ್ಲಿ ಹಂಪೆಯ ಬಂಡೆಗಳು ಕಾದ ಹೆಂಚಿನಂತಾಗುತ್ತವೆ. ಗುಡಿಯ ಅಂಗಳದಲ್ಲಿ ಬರಿಗಾಲಿನಿಂದ ನಾಲ್ಕು ಹೆಜ್ಜೆ ಇಟ್ಟವನಿಗೆ ನೆರಳೆಂದರೇನೆಂದು ತಿಳಿಯುತ್ತದೆ. ಬೆಳಿಗ್ಗೆ ಹತ್ತರೊಳಗೆ ತಿರುಗಾಟ ಮುಗಿಸಿ, ಮಧ್ಯಾಹ್ನ ಒಂದು ಮಂಟಪದಲ್ಲಿ ಬಿದ್ದುಕೊಂಡು, ಇಳಿಹೊತ್ತಿಗೆ ಏಳುವುದೇ ಬುದ್ಧಿವಂತಿಕೆ. ಜಾತ್ರೆಗೆ ಬಂದ ಹಳ್ಳಿಗರು ಮಾಡುವುದೂ ಅದನ್ನೇ. ಮಂಟಪಗಳ ಸಾಲು ಆ ದಿನ ರೊಟ್ಟಿಯ ಗಂಟು ಬಿಚ್ಚಿದವರಿಂದಲೂ, ಸೀರೆಯ ತೊಟ್ಟಿಲಲ್ಲಿ ಮಗುವನ್ನು ತೂಗುವವರಿಂದಲೂ ತುಂಬಿಹೋಗುತ್ತದೆ. ಸಂಜೆಯಾಗುತ್ತಲೇ ಒಂಬತ್ತು ನೆಲೆಯ ಗೋಪುರದ ಮುಂದಿನಿಂದ ತೇರು ಚಲಿಸುತ್ತದೆ. ಜನ ಬಾಳೆಯ ಹಣ್ಣುಗಳನ್ನು ಕಳಸದ ಕಡೆಗೆ ಎಸೆಯುತ್ತಾರೆ. ಬೀದಿಯ ಆ ತುದಿಯಲ್ಲಿ ಎದುರು ಬಸವಣ್ಣನು ಅದನ್ನೆಲ್ಲ ನೋಡುತ್ತ ಮಲಗಿರುತ್ತಾನೆ. ಆ ಬಾಳೆಯ ಹಣ್ಣಿಗೂ ಒಂದು ಚರಿತ್ರೆಯುಂಟು. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ತುರ್ತು ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ಹಾಳು ಗುಡಿಗಳ ನಡುವೆ ಬಾಳೆಯ ತೋಟ ಹಸುರಾಗಿ ನಿಂತಿರುವುದು ಆ ನೀರಿನಿಂದ.

ಆ ಮಂಟಪಗಳ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಸ್ಥಾನಗಳ ಪಟ್ಟಿಗೆ ಸೇರಿತು. ವಿರೂಪಾಕ್ಷನ ಬೀದಿಯ ಸಾಲುಮಂಟಪಗಳಲ್ಲಿ ಆಗ ಸಂಸಾರಗಳು ವಾಸವಾಗಿದ್ದುವು. ಅಂಗಡಿ, ಖಾನಾವಳಿ, ತೊಟ್ಟಿಲು, ಒಲೆ ಎಲ್ಲವೂ ಅಲ್ಲಿದ್ದುವು. ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ 2011ರ ಜುಲೈ ಕೊನೆಯಲ್ಲಿ ಅವರನ್ನು ಎಬ್ಬಿಸಿ ಮನೆಗಳನ್ನು ಕೆಡವಿದರು. ಬದಲು ನಿವೇಶನವೆಂದು ಕಡ್ಡಿರಾಂಪುರದ ಬಳಿ ಜಾಗವನ್ನು ಗೊತ್ತುಮಾಡಿದರು. ಕಂಬಗಳಿಗೆ ಗೋಡೆ ಕಟ್ಟಿ, ಸುಣ್ಣ ಬಳಿದು, ಕೆತ್ತನೆಯನ್ನು ಮುಚ್ಚಿದ್ದುದು ಸುಳ್ಳಲ್ಲ. ಪುರಾತತ್ತ್ವಜ್ಞರ ಸಂಕಟವನ್ನು ನಾವು ಬಲ್ಲೆವು. ಆದರೆ ರಥಬೀದಿಯಲ್ಲಿ ಮನೆಯುಳ್ಳವನು ತೇರನ್ನು ನೋಡುವ ರೀತಿ ಬೇರೆ, ಬಸ್ಸಿಳಿದು ಬಂದವನು ನೋಡುವ ರೀತಿ ಬೇರೆ. ಈಗ ಜಾತ್ರೆಯ ದಿನ ತುಂಬುವ ಬೀದಿ ಮರುದಿನ ಬರಿದಾಗುತ್ತದೆ. ಉಳಿದ ಮೂರು ಬೀದಿಗಳನ್ನು ಯುದ್ಧವು ಬರಿದುಮಾಡಿತು. ನಾಲ್ಕನೆಯದನ್ನು ಮಾಡಿದುದು ಅದರ ಮೇಲಿನ ಗೌರವ. ಹೀಗೆ ಹೇಳಿದರೆ ಕೆಲವರು ಮಿತ್ರರು ನಮ್ಮ ಮೇಲೆ ಸಿಟ್ಟಾಗುತ್ತಾರೆ, ಆಗಲಿ. ಕಲ್ಲನ್ನೂ ಉಳಿಸಿ ಒಲೆಯನ್ನೂ ಉಳಿಸುವ ಉಪಾಯವನ್ನು ಇನ್ನಷ್ಟು ತಾಳ್ಮೆಯಿಂದ ಹುಡುಕಬಹುದಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಇದೇ ಮಾತು ಮಹಾನವಮಿ ದಿಬ್ಬದ ಮೇಲೆ ನಿಂತಾಗಲೂ ಮನಸ್ಸಿಗೆ ಬರುತ್ತದೆ. ಪರ್ಷಿಯದಿಂದ ಬಂದ ಅಬ್ದುಲ್ ರಜಾಕನು 1443ರಲ್ಲಿಯೂ, ಪೋರ್ತುಗೀಜರ ಪಾಯೆಸನು ಸುಮಾರು 1520ರಲ್ಲಿಯೂ ಇಲ್ಲಿಯ ಮಹಾನವಮಿಯನ್ನು ಕಣ್ಣಾರೆ ಕಂಡು ಬೆರಗಾಗಿ ಬರೆದಿಟ್ಟರು. ಆನೆ, ಕುದುರೆ, ಜಟ್ಟಿಗಳ ಕಾಳಗ, ನರ್ತನ, ಬಾಣಬಿರುಸು ಎಲ್ಲವನ್ನೂ ಅವರ ಬರಹದಿಂದ ತಿಳಿಯಬಹುದು. ಆ ವೈಭವದ ವಾರಸು ಶ್ರೀರಂಗಪಟ್ಟಣಕ್ಕೆ ಬಂದು, ರಾಜ ಒಡೆಯರು 1610ರಲ್ಲಿ ದಸರೆಯನ್ನು ಆರಂಭಿಸಿದರೆಂಬುದು ಮೈಸೂರಿನ ಮಕ್ಕಳಿಗೂ ಗೊತ್ತು. ಹಾಗಾದರೆ ಹುಟ್ಟಿದ ನೆಲದಲ್ಲಿ ಏನೂ ಉಳಿಯಲಿಲ್ಲವೆ? ವಿಜಯದಶಮಿಯ ದಿನ ದಿಬ್ಬವನ್ನು ಬಿಟ್ಟು ಹೊಸಪೇಟೆಯ ಕಡೆಗೆ ಬಂದರೆ ಉತ್ತರ ಸಿಕ್ಕುತ್ತದೆ. ಆ ಊರಿನ ಏಳು ಕೇರಿಗಳವರು ತಮ್ಮ ತಮ್ಮ ದೇವತೆಗಳ ಪಲ್ಲಕ್ಕಿಗಳನ್ನು ಹೊತ್ತು ನಾಗೇನಹಳ್ಳಿಯ ಬಳಿಯ ಧರ್ಮದ ಗುಡ್ಡಕ್ಕೆ ಹೋಗುತ್ತಾರೆ. ಅಲ್ಲಿ ಪಲ್ಲಕ್ಕಿಗಳನ್ನು ಹೆಗಲಮೇಲಿಟ್ಟುಕೊಂಡು ಓಡುವ ರಭಸವನ್ನು ನೋಡಬೇಕು! ಬನ್ನಿಯನ್ನು ವಿನಿಮಯ ಮಾಡಿಕೊಂಡು ಮನೆಗೆ ಹಿಂದಿರುಗುತ್ತಾರೆ. ಅಲ್ಲಿ ಸಿಂಹಾಸನವಿಲ್ಲ, ಅಂಬಾರಿಯಿಲ್ಲ, ಹೊರನಾಡಿನ ರಾಯಭಾರಿಯಿಲ್ಲ. ಅರಸನ ಹಬ್ಬ ಅರಸನೊಡನೆ ಊರುಬಿಟ್ಟು ಹೋಯಿತು; ಕೇರಿಯ ಹಬ್ಬ ಕೇರಿಯಲ್ಲಿಯೇ ಉಳಿಯಿತು.

ಹಂಪೆಯಲ್ಲಿ ಇನ್ನೂ ಕೆಲವು ದಿನಗಳುಂಟು. ಪುಷ್ಯ ಬಹುಳ ಅಮಾವಾಸ್ಯೆಗೆ ನದಿಯ ದಂಡೆಯ ಪುರಂದರಮಂಟಪದಲ್ಲಿ ದಾಸರ ಆರಾಧನೆ ನಡೆಯುತ್ತದೆ. ಸಂಗೀತವನ್ನು ಬಲ್ಲವರು ಅದನ್ನು ತಪ್ಪಿಸಿಕೊಳ್ಳಬಾರದು. ಫಾಲ್ಗುಣ ಬಹುಳ ಚತುರ್ಥಿಗೆ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಆರಾಧನೆ. ನದಿಯ ನಡುಗಡ್ಡೆಯಾದುದರಿಂದ ಅಲ್ಲಿಗೆ ದೋಣಿಯಿಂದಲೇ ಹೋಗಬೇಕು. ಬೆತ್ತದ ಬುಟ್ಟಿಗೆ ತೊಗಲು ಹೊದಿಸಿದ ಗುಂಡನೆಯ ಹರಿಗೋಲು ಹದಿನೈದಿಪ್ಪತ್ತು ಜನರನ್ನು ದಾಟಿಸುತ್ತಿದ್ದಿತೆಂದು ಪಾಯೆಸನೇ ಬರೆದಿದ್ದಾನೆ. ತೊಗಲಿನ ಬದಲು ಬೇರೆ ಹೊದಿಕೆ ಬಂದಿದೆಯೇ ವಿನಾ ಹರಿಗೋಲು ಇನ್ನೂ ಹೋಗಿಲ್ಲ. ಸರ್ಕಾರದವರು ನಡೆಸುವ ಹಂಪಿ ಉತ್ಸವವೊಂದು ಬೇರೆ ಇದೆ. ಎಂ. ಪಿ. ಪ್ರಕಾಶರ ಆಸಕ್ತಿಯಿಂದ ಬೆಳೆದುದು. ದೀಪಾಲಂಕಾರ, ಸಂಗೀತ, ನೃತ್ಯ, ಜನಸಂದಣಿ ಎಲ್ಲವೂ ಅದ್ಭುತ. ಮೊದಲು ನವೆಂಬರಿನಲ್ಲಿ ನಡೆಯುತ್ತಿದ್ದುದು ಈಚೆಗೆ ಜನವರಿ ಫೆಬ್ರುವರಿಗಳ ಕಡೆಗೆ ಸರಿದಿದೆ. ಅದರ ದಿನವನ್ನು ನಿಶ್ಚಯಿಸುವುದು ಚಂದ್ರನಲ್ಲವಾದುದರಿಂದ ವೃತ್ತಪತ್ರಿಕೆಯನ್ನು ನೋಡಿಕೊಂಡೇ ಹೊರಡಬೇಕು.

ಸಂಡೂರಿನ ದಾರಿ ಹಿಡಿದರೆ ದೇಶವೇ ಬದಲಾದಂತೆ ತೋರುತ್ತದೆ. ಬಂಡೆಗಳ ಸೀಮೆ ಮುಗಿದು ಕೆಂಪು ಮಣ್ಣಿನ ಬೆಟ್ಟಗಳ ಸಾಲು ಎದ್ದುನಿಲ್ಲುತ್ತದೆ. ಬೆಟ್ಟಗಳ ಕೋಟೆಯೊಳಗೆ ಒಂದು ಉದ್ದನೆಯ ಕಣಿವೆ. ನಾರಿಹಳ್ಳವು ಭೀಮನಗಂಡಿ, ಓಬಳಗಂಡಿ ಎಂಬ ಎರಡು ಇಕ್ಕಟ್ಟುಗಳಲ್ಲಿ ಬೆಟ್ಟವನ್ನು ಸೀಳಿಕೊಂಡು ಹರಿಯುತ್ತದೆ. ಘೋರ್ಪಡೆ ಮನೆತನದವರು ಆಳುತ್ತಿದ್ದ ಈ ಪುಟ್ಟ ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತದಲ್ಲಿ ವಿಲೀನವಾಯಿತು. ಮಳೆಯ ಕೊನೆಯ ದಿನಗಳಲ್ಲಿ ಈ ಕಣಿವೆಯನ್ನು ನೋಡಿದವರು ಇದು ಬಳ್ಳಾರಿಯ ಸೀಮೆಯೆಂದು ನಂಬುವುದು ಕಷ್ಟ.

ಊರಿನಿಂದ ಹತ್ತು ಹನ್ನೆರಡು ಕಿಲೋಮೀಟರು ಕಾಡಿನ ದಾರಿಯಲ್ಲಿ ಹೋದರೆ ಬೆಟ್ಟದ ಮೇಲೆ ಕುಮಾರಸ್ವಾಮಿಯ ಗುಡಿಯೂ ಅದರ ಬಳಿಯಲ್ಲಿಯೇ ಪಾರ್ವತಿಯ ಗುಡಿಯೂ ಇವೆ. ಹಂಪೆಯ ಕಟ್ಟಡಗಳಿಗಿಂತ ಹಲವು ಶತಮಾನ ಹಳೆಯವು. ಇಲ್ಲಿಯ ಜಾತ್ರೆ ಕಾರ್ತಿಕದಲ್ಲಿ. ಹುಣ್ಣಿಮೆಯೂ ಕೃತ್ತಿಕಾ ನಕ್ಷತ್ರವೂ ಕೂಡಿದ ವರ್ಷ ವಿಶೇಷ. ಕುಮಾರಸ್ವಾಮಿಯು ತಾಯಿಯೊಡನೆ ಮುನಿದು ಕೈಲಾಸವನ್ನು ಬಿಟ್ಟು ಇಲ್ಲಿಗೆ ಬಂದನೆಂದೂ, ಮಗನನ್ನು ಬಿಟ್ಟಿರಲಾರದೆ ತಾಯಿಯೂ ಹಿಂದೆಯೇ ಬಂದು ನೆಲಸಿದಳೆಂದೂ ಸ್ಥಳದ ಕಥೆ. ಸ್ತ್ರೀಯರು ಕುಮಾರಸ್ವಾಮಿಯ ದರ್ಶನ ಮಾಡಕೂಡದೆಂಬ ವಾಡಿಕೆ ಬಹುಕಾಲದಿಂದ ಬಂದುದಕ್ಕೆ ಈ ಮುನಿಸೇ ಕಾರಣವೆನ್ನುತ್ತಾರೆ. ಇದೇ ಗುಡಿಯ ಬಾಗಿಲನ್ನು ಸಂಡೂರಿನ ದೊರೆಗಳು 1932ರಲ್ಲಿ ಹರಿಜನರಿಗೆ ತೆರೆದರು. ಆಗಿನ ಕಾಲಕ್ಕೆ ಅದು ಸಾಮಾನ್ಯವಾದ ಸಾಹಸವಲ್ಲ. 1934ರಲ್ಲಿ ಗಾಂಧೀಜಿಯವರು ಸಂಡೂರಿಗೆ ಬಂದಿದ್ದರು. ಒಂದು ಬಾಗಿಲು ತೆರೆದ ಕೈ ಇನ್ನೊಂದನ್ನು ಮುಟ್ಟಲಿಲ್ಲ. ನಮ್ಮ ಜೊತೆ ಬಂದಿದ್ದ ವಿದ್ಯಾರ್ಥಿನಿಯರು ಪಾರ್ವತಿಯ ಗುಡಿಯ ಜಗುಲಿಯ ಮೇಲೆ ಕುಳಿತು, "ಮುನಿಸು ತಾಯಿಯ ಮೇಲಲ್ಲವೆ ಸರ್, ನಮ್ಮ ಮೇಲೇಕೆ?" ಎಂದು ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ.

ಈ ಬೆಟ್ಟಕ್ಕೆ ಪುರಾಣದಲ್ಲಿ ಲೋಹಾಚಲವೆಂದು ಹೆಸರು. ಪುರಾಣಕಾರನು ಭೂಗರ್ಭಶಾಸ್ತ್ರವನ್ನು ಓದಿದವನಲ್ಲದಿದ್ದರೂ ಸರಿಯಾಗಿಯೇ ಹೇಳಿದನು: ಈ ಬೆಟ್ಟಗಳೆಲ್ಲ ಉತ್ತಮವಾದ ಕಬ್ಬಿಣದ ಅದಿರು. ಅದನ್ನು ಬಾಚುವ ಆತುರದಲ್ಲಿ ಕಾಡೂ ದಾರಿಯೂ ಹಾಳಾಗಿ, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು; ತರುವಾಯ ನಿಬಂಧನೆಗಳೊಡನೆ ಅದು ಮತ್ತೆ ಆರಂಭವಾಯಿತು. ಜಾತ್ರೆಗೆ ಬರುವವನು ದೇವರ ಬೆಟ್ಟದ ಪಕ್ಕದ ಬೆಟ್ಟ ಮೆಟ್ಟಲು ಮೆಟ್ಟಲಾಗಿ ಕೊಯ್ದಿರುವುದನ್ನು ನೋಡುತ್ತಲೇ ಹತ್ತಬೇಕಾಗಿದೆ. ಹಿಂದಿರುಗುವಾಗ ಸಂಡೂರಿನಲ್ಲಿ ಲಂಬಾಣಿ ಹೆಂಗಸರ ಕಸೂತಿಯನ್ನು ನೋಡದೆ ಬರಬಾರದು. ಕನ್ನಡಿಯ ಚೂರುಗಳನ್ನೂ ಕವಡೆಗಳನ್ನೂ ಕೂಡಿಸಿ ಅವರು ಹೊಲಿಯುವ ಬಟ್ಟೆಗೆ ಸಂಡೂರಿನ ಹೆಸರಿನಲ್ಲಿಯೇ ಭೌಗೋಳಿಕ ಗುರುತು ದೊರೆತಿದೆ.

ಕಂಪ್ಲಿಯನ್ನು ಪ್ರಯಾಣಿಕರು ಸಾಮಾನ್ಯವಾಗಿ ಮರೆಯುತ್ತಾರೆ. ನೋಡುವುದಕ್ಕೆ ಅಲ್ಲಿ ಹೆಚ್ಚೇನೂ ಇಲ್ಲವೆನ್ನುವುದು ಅವರ ದೂರು. ಭತ್ತದ ಗದ್ದೆ, ಕಬ್ಬು, ಹೊಳೆಯ ದಂಡೆಯಲ್ಲಿ ಕೋಟೆಯ ಅವಶೇಷ, ಅಷ್ಟೇ. ಆದರೆ ವಿಜಯನಗರ ಹುಟ್ಟುವುದಕ್ಕೆ ಮುನ್ನೂರು ವರ್ಷ ಮುಂಚೆಯೇ ಇಲ್ಲಿ ಚಾಳುಕ್ಯರ ಅರಮನೆಯಿದ್ದಿತು. ಅದನ್ನು ಕೆಡಹಿದೆನೆಂದು ಚೋಳ ರಾಜಾಧಿರಾಜನ ಶಾಸನಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಮುಂದೆ ಕಂಪಿಲರಾಯನೂ ಅವನ ಮಗ ಕುಮಾರರಾಮನೂ ದೆಹಲಿಯ ತುಘಲಕನ ಸೇನೆಯನ್ನು ಎದುರಿಸಿ 1327ರ ಸುಮಾರಿಗೆ ಮಡಿದರು. ಹತ್ತು ವರ್ಷ ತುಂಬುವುದರೊಳಗೆ, 1336ರಲ್ಲಿ, ಅದೇ ಹೊಳೆಯ ದಂಡೆಯಲ್ಲಿ ವಿಜಯನಗರ ಸ್ಥಾಪನೆಯಾಯಿತೆಂದು ಪ್ರತೀತಿ. ಹಂಪೆಯ ಕಥೆಗೆ ಕಂಪ್ಲಿ ಮೊದಲನೆಯ ಅಧ್ಯಾಯ.

ಕಂಪ್ಲಿಗೆ ಹೋಗುವವನು ಹೊಳೆಯನ್ನೂ ಕೇಳಿಕೊಳ್ಳಬೇಕು. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟಾಯಿತು; ಅದರ ಮೂವತ್ತಮೂರು ಬಾಗಿಲುಗಳಿಂದ ಮಳೆಗಾಲದಲ್ಲಿ ನೀರು ಬಿಟ್ಟರೆ ಹಂಪೆಯಲ್ಲಿ ಪುರಂದರಮಂಟಪವೂ, ಕೆಳಗೆ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆಯೂ ಮುಳುಗುತ್ತವೆ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋದಾಗ ಕೆಳಗಿನ ಊರುಗಳವರೆಲ್ಲ ನಿದ್ದೆಗೆಟ್ಟರು. ಪ್ರವಾಹದ ದಿನಗಳಲ್ಲಿ ಹರಿಗೋಲನ್ನು ಹತ್ತುವ ಸಾಹಸ ಬೇಡ.

ಈ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಸಾಬರದು ಮಾತ್ರವಲ್ಲ. ಪೀರಲ ದೇವರಿಗೆ ಹಿಂದುಗಳೂ ಹರಕೆ ಹೊರುತ್ತಾರೆ, ಸಕ್ಕರೆ ಓದಿಸುತ್ತಾರೆ, ಅಲಾಯಿ ಕುಣಿಯ ಸುತ್ತ ಕೂಡಿ ಕುಣಿಯುತ್ತಾರೆ. ಮುಸಲ್ಮಾನರ ಮನೆಯೊಂದೂ ಇಲ್ಲದ ಹಳ್ಳಿಯಲ್ಲಿಯೂ ಪೀರಲ ದೇವರು ಕೂಡುವುದುಂಟು. ನಾವು ಒಮ್ಮೆ ಕತ್ತಲ ರಾತ್ರಿಯ ದಿನ ಕಂಪ್ಲಿಯ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದೆವು. ಹಣೆಗೆ ವಿಭೂತಿ ಇಟ್ಟ ಹಿರಿಯರೊಬ್ಬರು ಕೆಂಡದ ಕುಣಿಗೆ ಉಪ್ಪು ಎರಚಿ ಕೈಮುಗಿದರು. "ಇದು ನಿಮ್ಮ ದೇವರೇ ಯಜಮಾನರೆ?" ಎಂದು ಕೇಳಿದೆವು. "ಊರಾಗ ಕುಂತಮ್ಯಾಗ ಊರಿನ ದೇವರಲ್ಲೇನ್ರೀ?" ಎಂದರು.

ಈ ಹಬ್ಬಕ್ಕೂ ಚಂದ್ರನೇ ಲೆಕ್ಕ. ಆದರೆ ಅಧಿಕಮಾಸದ ಹೊಂದಿಕೆಯಿಲ್ಲದ ಲೆಕ್ಕವಾದುದರಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. 2024ರಲ್ಲಿ ಜುಲೈ 17ಕ್ಕೆ ಬಂದುದು 2025ರಲ್ಲಿ ಜುಲೈ 6ಕ್ಕೆ ಬಂದಿತು. ಹೀಗೆಯೇ ಹಿಂದಕ್ಕೆ ಬರುತ್ತ ಇನ್ನು ಕೆಲವು ವರ್ಷಗಳಲ್ಲಿ ಅದು ಚೈತ್ರದ ದವನದ ಹುಣ್ಣಿಮೆಯ ಆಸುಪಾಸಿಗೆ ತಲುಪುತ್ತದೆ. ಆ ವರ್ಷ ಹಂಪೆಯ ತೇರನ್ನೂ ಕಂಪ್ಲಿಯ ಕಡೆಯ ಕುಣಿಯನ್ನೂ ಒಂದೇ ಪ್ರಯಾಣದಲ್ಲಿ ನೋಡಬಹುದೆಂದು ನಾವು ಈಗಲೇ ಪಂಚಾಂಗದವರನ್ನು ಕೇಳಿಕೊಂಡಿದ್ದೇವೆ.